‘ನಿಮ್ಮ ದಿನ ಮುಗಿದವು’ ಎಂದು ಇಎಸ್‌ಐ ಹಣ ನಿಂತಾಗ

ಪ್ರಶ್ನೆ: ನಮ್ಮ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಆಪರೇಟರ್. ದಿನಕ್ಕೆ 600 ರೂಪಾಯಿ ಲೆಕ್ಕದ ಸಂಬಳ, ಇಎಸ್‌ಐ ಕಟ್ ಆಗುತ್ತದೆ. 2025ರ ಜೂನ್‌ನಲ್ಲಿ ಬಲಗೈ ಪ್ರೆಸ್‌ನ ಡೈಯೊಳಗೆ (ಅಚ್ಚಿನೊಳಗೆ) ಸಿಕ್ಕಿ ತೋರುಬೆರಳು, ನಡುಬೆರಳು ಜಜ್ಜಿಹೋದವು. ಕಂಪನಿಯವರು ಮೊದಲು ಹತ್ತಿರದ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದರು. ಆಮೇಲೆ ಇಎಸ್‌ಐ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಎರಡೂ ಬೆರಳಿನ ತುದಿಯ ಗೆಣ್ಣು ತೆಗೆದರು. ಉಳಿದ ಬೆರಳೂ ಪೂರ್ತಿ ಮಡಚಲು ಬರುವುದಿಲ್ಲ. ಬ್ಯಾಂಕಿಗೆ ಹಣ ಬರುತ್ತಿತ್ತು, ಒಂದು ಸಲ 21 ದಿನಕ್ಕೆ 8,820 ರೂಪಾಯಿ ಬಂದದ್ದು ಪಾಸ್‌ಬುಕ್‌ನಲ್ಲಿದೆ. ಸೆಪ್ಟೆಂಬರ್ ಮಧ್ಯದಿಂದ ನಿಂತುಹೋಯಿತು. ಕೇಳಿದರೆ ಬ್ರಾಂಚ್ ಆಫೀಸಿನಲ್ಲಿ ‘ನಿಮ್ಮ ದಿನ ಮುಗಿದವು’ ಎನ್ನುತ್ತಾರೆ. ಡಿಸ್ಪೆನ್ಸರಿ ಡಾಕ್ಟರು ಮಾತ್ರ ಈಗಲೂ ರಜೆ ಸರ್ಟಿಫಿಕೇಟ್ ಕೊಡುತ್ತಿದ್ದಾರೆ. ಕಂಪನಿಯವರು 50,000 ಕೊಡುತ್ತೇವೆ, ಒಂದು ಕಾಗದಕ್ಕೆ ಸಹಿ ಹಾಕಿ ಎನ್ನುತ್ತಿದ್ದಾರೆ. ಏನು ಮಾಡಬೇಕು? ಶಿರಾದಲ್ಲಿರುವ ನನ್ನ ಮೈದುನನಿಗೂ ಏಪ್ರಿಲ್‌ನಲ್ಲಿ ಕೆಲಸದ ಜಾಗದಲ್ಲೇ ಕಾಲು ಮುರಿಯಿತು. ಅವನಿಗೆ ಇಎಸ್‌ಐ ಇಲ್ಲ. ಮಾಲೀಕರು ಎರಡು ತಿಂಗಳು ಹಣ ಕೊಟ್ಟು ನಿಲ್ಲಿಸಿದರು. ಅವನಿಗೂ ದಾರಿ ಇದೆಯೇ?

– ಓದುಗರೊಬ್ಬರು, ಆಂದ್ರಹಳ್ಳಿ, ಬೆಂಗಳೂರು

ಉತ್ತರ: ಪಾಸ್‌ಬುಕ್‌ನ ಆ ಒಂದು ಸಾಲು ಬರೆದು ಕಳಿಸಿದ್ದು ಒಳ್ಳೆಯದಾಯಿತು, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. 8,820ನ್ನು 21ರಿಂದ ಭಾಗಿಸಿ ನೋಡಿ. ದಿನಕ್ಕೆ 420 ರೂಪಾಯಿ ಬರುತ್ತದೆ. 600ಕ್ಕೆ 420 ಎಂದರೆ ನೂರಕ್ಕೆ 70. ಇಎಸ್‌ಐನಲ್ಲಿ ನೂರಕ್ಕೆ 70ರ ದರ ಇರುವುದು ಕಾಯಿಲೆ ಸೌಲಭ್ಯಕ್ಕೆ. ಟೈಫಾಯ್ಡ್, ಕಾಮಾಲೆ ಬಂದು ಮಲಗಿದವರಿಗೆ ಕೊಡುವ ಹಣ ಅದು. ಕೆಲಸ ಮಾಡುವಾಗ ಪೆಟ್ಟು ಬಿದ್ದವರಿಗೆ ಕೊಡಬೇಕಾದ್ದು ತಾತ್ಕಾಲಿಕ ಅಂಗವೈಕಲ್ಯ ಸೌಲಭ್ಯ, ಬ್ರಾಂಚಿನವರ ಬಾಯಲ್ಲಿ ‘ಟಿಡಿಬಿ’. ಅದರ ದರ ನೂರಕ್ಕೆ 90. ನಿಮ್ಮ ಯಜಮಾನರಿಗೆ ದಿನಕ್ಕೆ 540 ರೂಪಾಯಿ ಬರಬೇಕಿತ್ತು.

‘ದಿನ ಮುಗಿದವು’ ಎಂಬ ಮಾತಿನ ಗುಟ್ಟೂ ಇದರಿಂದಲೇ ತಿಳಿಯುತ್ತದೆ. ಕಾಯಿಲೆ ಸೌಲಭ್ಯಕ್ಕೆ 91 ದಿನದ ಮಿತಿ ಇದೆ. ಜೂನ್ ಮಧ್ಯದಿಂದ ಎಣಿಸಿದರೆ ಸೆಪ್ಟೆಂಬರ್ ಮಧ್ಯಕ್ಕೆ 91 ದಿನ ಆಗುತ್ತದೆ. ಟಿಡಿಬಿಗೆ ಅಂಥ ದಿನಗಣನೆಯೇ ಇಲ್ಲ. ಗಾಯದಿಂದಾಗಿ ಕೆಲಸ ಮಾಡಲಾಗದ ಸ್ಥಿತಿ ಇರುವವರೆಗೂ, ಚಿಕಿತ್ಸೆ ನಡೆಯುತ್ತಿರುವವರೆಗೂ ಅದು ಬರಬೇಕು. ಅಂದರೆ ನಿಮ್ಮ ಯಜಮಾನರಿಗೆ ಸಲ್ಲಬೇಕಾದ ಸೌಲಭ್ಯವನ್ನು ಯಾರೂ ನಿಲ್ಲಿಸಿಲ್ಲ, ಅದು ಇನ್ನೂ ಶುರುವೇ ಆಗಿಲ್ಲ. ಅವರ ಬೆರಳು ಹೋದದ್ದು ಕೆಲಸದ ಅಪಘಾತದಲ್ಲಿ ಎಂದು ಇಎಸ್‌ಐ ದಾಖಲೆ ಇನ್ನೂ ಒಪ್ಪಿಕೊಂಡಿಲ್ಲ. ಇನ್ನೊಂದು ಗುರುತನ್ನೂ ನೋಡಿಕೊಳ್ಳಿ. ಕಾಯಿಲೆ ಸೌಲಭ್ಯದಲ್ಲಿ ಮೊದಲ ಎರಡು ದಿನಕ್ಕೆ ಹಣ ಬರುವುದಿಲ್ಲ. ನಿಮಗೂ ಮೊದಲ ಕಂತಿನಲ್ಲಿ ಎರಡು ದಿನ ಕಡಿತವಾಗಿದ್ದರೆ ನನ್ನ ಊಹೆ ಗಟ್ಟಿಯಾಗುತ್ತದೆ.

ಹೀಗಾಗುವುದು ಅಪರೂಪವಲ್ಲ. ಕಾರ್ಖಾನೆಯಲ್ಲಿ ಅಪಘಾತವಾದರೆ ಮಾಲೀಕರು ನಮೂನೆ 12ರಲ್ಲಿ ಅಪಘಾತ ವರದಿಯನ್ನು ಬ್ರಾಂಚ್ ಆಫೀಸಿಗೂ ಡಿಸ್ಪೆನ್ಸರಿಗೂ ಕಳಿಸಬೇಕು. ಗಾಯ ಗಂಭೀರವಾಗಿದ್ದರೆ ಕೂಡಲೇ, ಇಲ್ಲದಿದ್ದರೆ 24 ಗಂಟೆಯೊಳಗೆ. ಆ ವರದಿ ಹೋಗದಿದ್ದರೆ, ತಡವಾಗಿ ಹೋದರೆ, ಅಥವಾ ಅದರಲ್ಲಿ ‘ಹೊರಗಡೆ ಬಿದ್ದು ಪೆಟ್ಟಾಗಿದೆ’ ಎಂಬಂಥ ಮಾತು ಸೇರಿಕೊಂಡಿದ್ದರೆ, ಅಪಘಾತವನ್ನು ಒಪ್ಪಬೇಕೋ ಬೇಡವೋ ಎಂಬ ಫೈಲು ತೂಗಾಡುತ್ತದೆ. ಅಷ್ಟರಲ್ಲಿ ಕುಟುಂಬದ ಕೈ ಖಾಲಿಯಾಗದಿರಲಿ ಎಂದು ಕಾಯಿಲೆ ಸೌಲಭ್ಯ ಕೊಡುವುದುಂಟು. ಅದರಲ್ಲಿ ತಪ್ಪಿಲ್ಲ. ಆದರೆ 91 ದಿನ ಕಳೆದ ಮೇಲೂ ಮೂಲ ಫೈಲು ಕದಲದೆ ಕೂತಿರುವುದು ತಪ್ಪು. ಅದರ ಭಾರ ಬೆರಳು ಕಳೆದುಕೊಂಡವನ ಮೇಲೆ ಬೀಳುವುದು ಅನ್ಯಾಯ.

ಕಂಪನಿಗಳು ಯಾಕೆ ವರದಿ ತಡಮಾಡುತ್ತವೆ ಎಂಬುದು ಪ್ರೆಸ್ ಶಾಪ್‌ನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಪೀಸ್ ಲೆಕ್ಕ ಏರಲಿ ಎಂದು ಗಾರ್ಡ್ ತೆಗೆದಿಟ್ಟಿರುತ್ತಾರೆ, ಎರಡು ಕೈಯಲ್ಲೂ ಒತ್ತಬೇಕಾದ ಬಟನ್ ಬಿಟ್ಟು ಕಾಲಿನ ಪೆಡಲ್ ಹಾಕಿರುತ್ತಾರೆ. ಕೈ ಡೈಯೊಳಗೆ ಇರುವಾಗಲೇ ಪ್ರೆಸ್ ಇಳಿಯುವುದು ಇಂಥ ಕಡೆಯೇ. 48 ಗಂಟೆಗಿಂತ ಹೆಚ್ಚು ಕೆಲಸ ತಪ್ಪಿಸುವ ಗಾಯವಾದರೆ ಕಾರ್ಖಾನೆ ಕಾಯ್ದೆಯಂತೆ ಕಾರ್ಖಾನೆಗಳ ಇಲಾಖೆಗೂ ತಿಳಿಸಬೇಕಿತ್ತು. ಹಾಗೆ ತಿಳಿಸಿದರೆ ಇನ್‌ಸ್ಪೆಕ್ಟರ್ ಬಂದು ಯಂತ್ರ ನೋಡುತ್ತಾರೆ. ನಿಮ್ಮ ಕಂಪನಿಯಲ್ಲಿ ಹೀಗೇ ಆಗಿದೆ ಎಂದು ನಾನು ಹೇಳಲಾರೆ. ಆದರೆ 50,000 ರೂಪಾಯಿಯ ಮಾತು ಎಲ್ಲಿಂದ ಬರುತ್ತದೆ ಎಂದು ಯೋಚಿಸುವಾಗ ಇದು ನೆನಪಿರಲಿ.

ಈಗ ಮಾಡಬೇಕಾದ ಕೆಲಸಕ್ಕೆ ಬರುತ್ತೇನೆ. ಬ್ರಾಂಚ್ ಮ್ಯಾನೇಜರ್ ಹೆಸರಿಗೆ ಕನ್ನಡದಲ್ಲೇ ಒಂದು ಅರ್ಜಿ ಬರೆಯಿರಿ, ಯಜಮಾನರ ಸಹಿ ಇರಲಿ. ಬಲಗೈಯಲ್ಲಿ ಸಹಿ ಮಾಡಲಾಗದಿದ್ದರೆ ಎಡಗೈ ಹೆಬ್ಬೆಟ್ಟು ಒತ್ತಿ, ಸಾಕ್ಷಿಯಾಗಿ ಒಬ್ಬರು ಸಹಿ ಹಾಕಲಿ. ಅರ್ಜಿಯಲ್ಲಿ ಇಷ್ಟು ಇರಬೇಕು: ಐಪಿ ನಂಬರ್ (ಇಎಸ್‌ಐ ಕಾರ್ಡಿನಲ್ಲಿರುವ ವಿಮಾ ಸಂಖ್ಯೆ), ಅಪಘಾತವಾದ ದಿನ ಮತ್ತು ಹೊತ್ತು, ಯಾವ ಪ್ರೆಸ್, ಪಕ್ಕದಲ್ಲಿ ಯಾರಿದ್ದರು, ಯಾರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಇದು ಕೆಲಸದ ಗಾಯವಾದ್ದರಿಂದ ಮೊದಲ ದಿನದಿಂದಲೇ ನೂರಕ್ಕೆ 90ರ ದರದಲ್ಲಿ ಟಿಡಿಬಿ ಕೊಡಬೇಕು, ಈಗಾಗಲೇ ಕೊಟ್ಟ ಕಾಯಿಲೆ ಸೌಲಭ್ಯವನ್ನು ಅದರಲ್ಲಿ ವಜಾ ಮಾಡಿಕೊಂಡು ವ್ಯತ್ಯಾಸವನ್ನೂ, ಸೆಪ್ಟೆಂಬರ್‌ನಿಂದ ನಿಂತ ದಿನಗಳ ಹಣವನ್ನೂ ಕೊಡಬೇಕು ಎಂದು ಸ್ಪಷ್ಟವಾಗಿ ಕೇಳಿ. ಕೊಡಲಾಗದು ಎಂದಾದರೆ ಕಾರಣ ತೋರಿಸಿ ಲಿಖಿತ ಆದೇಶ ಕೊಡಿ ಎಂಬ ಸಾಲು ತಪ್ಪದೇ ಇರಲಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವುದು ಕಷ್ಟ, ಕಾಗದವಿದ್ದರೆ ಪ್ರಶ್ನಿಸಬಹುದು. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕುವುದಿಲ್ಲ ಎಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಲೆಕ್ಕವೂ ನಿಮ್ಮ ಕೈಯಲ್ಲಿರಲಿ. 540ಕ್ಕೂ 420ಕ್ಕೂ ದಿನಕ್ಕೆ 120 ರೂಪಾಯಿ ವ್ಯತ್ಯಾಸ. 91 ದಿನಕ್ಕೆ 10,920 ಆಯಿತು. ನಿಂತ ಮೇಲಿನ ಪ್ರತಿ ದಿನಕ್ಕೂ ಪೂರ್ತಿ 540.

ಕಂಪನಿ ವರದಿ ಕೊಡದಿದ್ದರೆ ನಿಮ್ಮ ಹಕ್ಕು ಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಪಘಾತದ ಸುದ್ದಿಯನ್ನು ಕಾರ್ಮಿಕನೇ ಕೊಡಬಹುದು, ಅವನ ಪರವಾಗಿ ಬೇರೆಯವರೂ ಕೊಡಬಹುದು. ಬೇಕಾದ್ದು ಪುರಾವೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಆ ಮೊದಲ ನರ್ಸಿಂಗ್ ಹೋಮ್‌ನ ಕೇಸ್ ಶೀಟ್. ಗಾಯಾಳು ಬಂದ ಕೂಡಲೇ ‘ಹೇಗಾಯಿತು’ ಎಂದು ಕೇಳಿ ಡ್ಯೂಟಿ ಡಾಕ್ಟರು ಒಂದು ಸಾಲು ಬರೆದಿರುತ್ತಾರೆ. ರಕ್ತ ಸುರಿಯುತ್ತಿದ್ದ ಆ ಗಳಿಗೆಯಲ್ಲಿ ಯಾರೂ ಮುಂದಿನ ಕೇಸಿನ ಯೋಚನೆ ಮಾಡಿ ಸುಳ್ಳು ಹೇಳುವುದಿಲ್ಲ ಎಂದು ಕೋರ್ಟುಗಳು ಆ ಸಾಲಿಗೆ ತೂಕ ಕೊಡುತ್ತವೆ. ಅದರಲ್ಲಿ ‘ಪ್ರೆಸ್ ಮೆಷಿನ್’ ಎಂದಿದ್ದರೆ ಅರ್ಧ ಕೆಲಸ ಮುಗಿದಂತೆ. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಮೆಡಿಕೊ-ಲೀಗಲ್ ಕೇಸ್) ಮಾಡಿದ್ದರೆ ಅದರ ಪ್ರತಿಯನ್ನೂ ತೆಗೆದುಕೊಳ್ಳಿ. ಆ ದಿನದ ಪಂಚಿಂಗ್ ದಾಖಲೆ, ಆ ತಿಂಗಳ ಪೇ ಸ್ಲಿಪ್, ಸೂಪರ್‌ವೈಸರ್ ಜೊತೆಗಿನ ವಾಟ್ಸ್‌ಆ್ಯಪ್ ಮಾತು, ನರ್ಸಿಂಗ್ ಹೋಮ್ ಬಿಲ್ಲನ್ನು ಕಂಪನಿ ಕಟ್ಟಿದ ರಸೀದಿ, ಎಲ್ಲವೂ ಬೇಕು. ಮನೆಯಲ್ಲಿ ಬಿದ್ದವನ ಬಿಲ್ಲನ್ನು ಕಂಪನಿ ಯಾಕೆ ಕಟ್ಟೀತು?

ಕಾನೂನು ಇಲ್ಲಿ ಕಾರ್ಮಿಕನ ಕಡೆಗೇ ವಾಲುತ್ತದೆ. ಇಎಸ್‌ಐ ಕಾಯ್ದೆ, 1948ರ 51ಎ ಕಲಮಿನಂತೆ, ಅಪಘಾತ ಕೆಲಸದ ವೇಳೆಯಲ್ಲಿ ಆಗಿದೆ ಎಂದು ತೋರಿಸಿದರೆ ಸಾಕು. ವಿರುದ್ಧ ಸಾಕ್ಷ್ಯ ಇಲ್ಲದಿದ್ದರೆ ಅದು ಕೆಲಸದ ಕಾರಣದಿಂದಲೇ ಆದದ್ದು ಎಂದು ಭಾವಿಸಬೇಕು. ‘ಗಾರ್ಡ್ ಅವನೇ ತೆಗೆದಿದ್ದ’ ಎಂಬ ಮಾತು ಮುಂದೆ ಬರಬಹುದು. 51ಬಿ ಅದಕ್ಕೂ ಉತ್ತರ ಇಟ್ಟಿದೆ. ನಿಯಮ ಮೀರಿ ಮಾಡಿದ ಕೆಲಸವಾದರೂ ಅದು ಮಾಲೀಕನ ವ್ಯವಹಾರಕ್ಕಾಗಿಯೇ ಮಾಡಿದ್ದಾದರೆ ಗಾಯ ಕೆಲಸದ ಗಾಯವೇ.

ಅರ್ಜಿಯ ಜೊತೆಜೊತೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಬರಬೇಕು. ನಮೂನೆ 12ರ ಪ್ರತಿ, ಬ್ರಾಂಚ್ ಮ್ಯಾನೇಜರ್ ವಿಚಾರಣೆ ಮಾಡಿದ್ದರೆ ಅದರ ವರದಿ, ಯಾವ ಶೀರ್ಷಿಕೆಯಲ್ಲಿ ಯಾವ ದಿನಗಳಿಗೆ ಎಷ್ಟು ಹಣ ಕೊಟ್ಟಿದ್ದಾರೆ ಎಂಬ ಪಟ್ಟಿ, ಇಷ್ಟನ್ನು ಕೇಳಿ. ಕಂಪನಿ ಏನು ಬರೆದು ಕೊಟ್ಟಿದೆ ಎಂದು ತಿಳಿಯದೆ ಜಗಳಕ್ಕೆ ಇಳಿಯಬಾರದು. ಇಎಸ್‌ಐನವರು ನಡೆಸುವ ಸುವಿಧಾ ಸಮಾಗಮ ಎಂಬ ಕುಂದುಕೊರತೆ ಸಭೆಯಲ್ಲೂ ಇದನ್ನು ಎತ್ತಬಹುದು. ಬ್ರಾಂಚಿನಲ್ಲಿ ಕದಲದ ಫೈಲು ಅಲ್ಲಿ ಮೇಲಧಿಕಾರಿಯ ಕಣ್ಣಿಗೆ ಬೀಳುತ್ತದೆ.

ಸರ್ಟಿಫಿಕೇಟ್ ವಿಷಯದಲ್ಲಿ ಮಾತ್ರ ಒಂದು ದಿನವೂ ಉದಾಸೀನ ಬೇಡ. ಹಣ ಬರುತ್ತಿಲ್ಲವಲ್ಲ ಎಂದು ಬೇಸರಪಟ್ಟು ಡಿಸ್ಪೆನ್ಸರಿಗೆ ಹೋಗುವುದನ್ನೇ ಬಿಟ್ಟವರನ್ನು ಕಂಡಿದ್ದೇನೆ. ಆಮೇಲೆ ಅಪಘಾತ ಒಪ್ಪಿಗೆಯಾದರೂ ಸರ್ಟಿಫಿಕೇಟ್ ಇಲ್ಲದ ದಿನಗಳಿಗೆ ಹಣ ಸಿಗುವುದಿಲ್ಲ. ಊರಿಗೆ ಹೋಗಬೇಕಾದರೂ ಡಾಕ್ಟರ ಅನುಮತಿ ಪಡೆದು ಹೋಗಿ. ಸೌಲಭ್ಯ ಪಡೆಯುವವರು ಹೇಳದೆ ಊರು ಬಿಡಬಾರದು, ಪರೀಕ್ಷೆಗೆ ಕರೆದರೆ ತಪ್ಪಿಸಬಾರದು ಎಂದು ಕಾಯ್ದೆಯ 64ನೇ ಕಲಮು ಹೇಳುತ್ತದೆ. ಹಣ ತಡೆಯಲು ಅದನ್ನೇ ನೆಪ ಮಾಡಿಕೊಳ್ಳಬಹುದು.

ಅಪಘಾತ ಒಪ್ಪಿಗೆಯಾದ ಮೇಲೆ ಎರಡನೇ ಅಡ್ಡಿ ಎದುರಾಗಬಹುದು. ಇಷ್ಟು ತಿಂಗಳಾಯಿತಲ್ಲ ಎಂದು ನಿಮ್ಮ ಯಜಮಾನರನ್ನು ಮೆಡಿಕಲ್ ರೆಫರಿ (ರಜೆ ಇನ್ನೂ ಬೇಕೇ ಎಂದು ಪರೀಕ್ಷಿಸುವ ಇಎಸ್‌ಐ ಡಾಕ್ಟರು) ಹತ್ತಿರ ಕಳಿಸುತ್ತಾರೆ. ಅವರು ‘ಫಿಟ್’ ಎಂದರೆ ಟಿಡಿಬಿ ನಿಲ್ಲುತ್ತದೆ. ಗಾಯ ಒಣಗಿದೆ, ಹೊಲಿಗೆ ಬಿಚ್ಚಿದ್ದಾರೆ, ಆದ್ದರಿಂದ ಲೈಟ್ ವರ್ಕ್ ಮಾಡಬಹುದು ಎಂಬ ಅಭಿಪ್ರಾಯ ಬರುವುದು ಬಹಳ. ಆದರೆ ಕಾಯ್ದೆಯ 2(21)ನೇ ಕಲಮಿನಲ್ಲಿ ತಾತ್ಕಾಲಿಕ ಅಂಗವೈಕಲ್ಯವನ್ನು ಅಳೆಯುವ ಅಳತೆ ಬೇರೆ. ಗಾಯವಾಗುವ ಮುಂಚೆ ಅಥವಾ ಗಾಯವಾದ ಹೊತ್ತಿಗೆ ಮಾಡುತ್ತಿದ್ದ ಕೆಲಸವನ್ನು ಮಾಡಲು ಈಗ ಆಗುತ್ತದೆಯೇ ಎಂಬುದೇ ಪ್ರಶ್ನೆ. ಗೇಟಿನಲ್ಲಿ ಕೂರಬಹುದು, ಚೀಟಿ ಹಂಚಬಹುದು ಎಂಬುದು ಈ ಅಳತೆಗೆ ಬರುವುದಿಲ್ಲ. ಆದ್ದರಿಂದ ಡಾಕ್ಟರ ಮುಂದೆ ‘ಕೈ ನೋವು ಸರ್’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಕೆಲಸವನ್ನು ವಿವರಿಸಿ. ತೆಳು ಶೀಟನ್ನು ತೋರುಬೆರಳು, ನಡುಬೆರಳು, ಹೆಬ್ಬೆರಳಿನ ನಡುವೆ ಹಿಡಿದು ಡೈಯ ಪಿನ್ನಿಗೆ ಸರಿಯಾಗಿ ಕೂರಿಸಬೇಕು, ಪೀಸ್ ಬಿದ್ದ ಕೂಡಲೇ ತೆಗೆಯಬೇಕು, ಶಿಫ್ಟಿನಲ್ಲಿ ಎಷ್ಟು ಸಾವಿರ ಸಲ ಹೀಗೆ ಮಾಡಬೇಕು ಎಂದು ಹೇಳಿ. ಬೆರಳ ತುದಿಯಲ್ಲಿ ಸ್ಪರ್ಶವೇ ತಿಳಿಯದವನನ್ನು ಮತ್ತೆ ಅದೇ ಪ್ರೆಸ್ ಮುಂದೆ ನಿಲ್ಲಿಸಿದರೆ ಉಳಿದ ಬೆರಳಿಗೂ ಅಪಾಯ. ಫಿಸಿಯೋಥೆರಪಿ ವಿಭಾಗದಲ್ಲಿ ಬೆರಳು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಅಳೆದು ಬರೆದಿದ್ದರೆ ಆ ಹಾಳೆಯ ಪ್ರತಿ ಜೊತೆಗಿರಲಿ.

ಒಂದಲ್ಲ ಒಂದು ದಿನ ಚಿಕಿತ್ಸೆ ಮುಗಿಯುತ್ತದೆ, ಟಿಡಿಬಿ ನ್ಯಾಯವಾಗಿಯೇ ನಿಲ್ಲುತ್ತದೆ. ಅಲ್ಲಿಗೆ ಕಥೆ ಮುಗಿಯಿತು ಎಂದು ಎಷ್ಟೋ ಮನೆಗಳಲ್ಲಿ ಸುಮ್ಮನಾಗಿಬಿಡುತ್ತಾರೆ, ನನಗೆ ಬಹಳ ಸಂಕಟವಾಗುವುದು ಇದನ್ನು ಕಂಡಾಗ. ತೆಗೆದ ಗೆಣ್ಣು ಮತ್ತೆ ಬೆಳೆಯುವುದಿಲ್ಲ. ಅದಕ್ಕೆ ಶಾಶ್ವತ ಅಂಗವೈಕಲ್ಯ ಸೌಲಭ್ಯವಿದೆ, ಅದನ್ನು ತೀರ್ಮಾನಿಸುವುದು ಮೆಡಿಕಲ್ ಬೋರ್ಡ್. ಕೊನೆಯ ಸರ್ಟಿಫಿಕೇಟ್ ಸಿಕ್ಕ ಕೂಡಲೇ ಬೋರ್ಡಿಗೆ ಕಳಿಸಿ ಎಂದು ಬ್ರಾಂಚಿಗೆ ಬರೆದುಕೊಡಿ, ಅವರೇ ಕರೆಯಲಿ ಎಂದು ಕಾಯಬೇಡಿ. ದುಡಿಯುವ ಶಕ್ತಿ ಎಷ್ಟು ಹೋಯಿತು ಎಂದು ಹೇಳುವ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ತೋರುಬೆರಳಿನ ಒಂದು ಗೆಣ್ಣಿಗೆ ನೂರಕ್ಕೆ 9, ನಡುಬೆರಳಿನ ಒಂದು ಗೆಣ್ಣಿಗೆ 7 ಎಂದಿದೆ. ಬರೀ ಅಷ್ಟನ್ನೇ ಕೂಡಿದರೂ 16 ಆಯಿತು. 540ರಲ್ಲಿ ನೂರಕ್ಕೆ 16 ಎಂದರೆ ದಿನಕ್ಕೆ ಸುಮಾರು 86 ರೂಪಾಯಿ, ತಿಂಗಳಿಗೆ 2,600ರ ಹತ್ತಿರ, ಜೀವ ಇರುವವರೆಗೂ. ಮತ್ತೆ ಕೆಲಸಕ್ಕೆ ಸೇರಿ ಸಂಬಳ ಪಡೆದರೂ ಇದು ನಿಲ್ಲುವುದಿಲ್ಲ. ಉಳಿದ ಬೆರಳು ಮಡಚದಿರುವುದು, ಹಿಡಿತ ಹೋಗಿರುವುದು ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಬೋರ್ಡಿನ ಮುಂದೆ ಕೇಳಬೇಕು. ಬೋರ್ಡು ಕಡಿಮೆ ಹಾಕಿದರೆ ತೀರ್ಮಾನ ಕೈಸೇರಿದ ಮೂರು ತಿಂಗಳೊಳಗೆ ಮೆಡಿಕಲ್ ಅಪೀಲ್ ಟ್ರಿಬ್ಯುನಲ್‌ಗೆ ಹೋಗಬಹುದು, ಇಲ್ಲವೇ ನೇರವಾಗಿ ಇಎಸ್‌ಐ ಕೋರ್ಟಿಗೆ ಹೋಗಬಹುದು. ಒಂದು ಎಚ್ಚರ: ಸೌಲಭ್ಯವನ್ನು ಒಂದೇ ಗಂಟಾಗಿ ಕೊಡಿ ಎಂದು ಅರ್ಜಿ ಕೊಟ್ಟು ಹಣ ಪಡೆದುಬಿಟ್ಟರೆ ಆ ತೀರ್ಮಾನದ ಮೇಲೆ ಮೇಲ್ಮನವಿಯ ಬಾಗಿಲು ಮುಚ್ಚುತ್ತದೆ.

ಕಂಪನಿಯ ಕಾಗದಕ್ಕೆ ಈಗ ಸಹಿ ಬೇಡ. ಇಎಸ್‌ಐ ಇರುವ ಕಾರ್ಮಿಕನಿಗೆ ಕಂಪನಿ ಕೈಯಿಂದ ಪರಿಹಾರ ಕೊಡಬೇಕಾದ ಹೊಣೆ 53ನೇ ಕಲಮಿನಂತೆ ಇರುವುದೇ ಇಲ್ಲ. ಹೊಣೆ ಇಲ್ಲದ ಕಡೆ 50,000 ಕೊಡಲು ಬಂದರೆ ಅದಕ್ಕೆ ಪ್ರತಿಯಾಗಿ ಏನು ಕೇಳುತ್ತಿದ್ದಾರೆ ಎಂದು ಓದಿಸಿ ನೋಡಬೇಕು. ಸಾಮಾನ್ಯವಾಗಿ ಅದು ರಾಜೀನಾಮೆ ಆಗಿರುತ್ತದೆ, ಅಥವಾ ಅಪಘಾತ ಕಾರ್ಖಾನೆಯಲ್ಲಿ ಆದದ್ದಲ್ಲ ಎಂಬ ಹೇಳಿಕೆ. ಆ ಹೇಳಿಕೆಗೆ ಸಹಿ ಬಿದ್ದರೆ ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ಕುಸಿಯುತ್ತದೆ. ಜೀವನಪೂರ್ತಿ ಬರಬೇಕಾದ ತಿಂಗಳ 2,600 ರೂಪಾಯಿ ಎರಡು ವರ್ಷ ಬರುವುದರೊಳಗೆ ಆ 50,000ವನ್ನು ದಾಟುತ್ತದೆ. ಕೆಲಸದಿಂದ ತೆಗೆಯುತ್ತೇವೆ ಎಂದು ಹೆದರಿಸಿದರೂ ಹೆದರಬೇಡಿ. ತಾತ್ಕಾಲಿಕ ಅಂಗವೈಕಲ್ಯ ಸೌಲಭ್ಯ ಪಡೆಯುತ್ತಿರುವ ಅವಧಿಯಲ್ಲಿ, ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವುದನ್ನಾಗಲಿ ಶಿಕ್ಷಿಸುವುದನ್ನಾಗಲಿ 73ನೇ ಕಲಮು ತಡೆಯುತ್ತದೆ. ಆಗ ಕೊಟ್ಟ ನೋಟಿಸಿಗೆ ಬೆಲೆ ಇಲ್ಲ.

ಅರ್ಜಿಗೆ ಉತ್ತರ ಬರದಿದ್ದರೆ, ಅಥವಾ ಇಲ್ಲ ಎಂದು ಬಂದರೆ, ಇಎಸ್‌ಐ ಕೋರ್ಟು. ಸೌಲಭ್ಯಕ್ಕೆ ಹಕ್ಕಿದೆಯೇ, ಎಷ್ಟು, ಎಷ್ಟು ದಿನ ಎಂಬ ತಕರಾರನ್ನು ತೀರ್ಮಾನಿಸಲೆಂದೇ 75ನೇ ಕಲಮು ಇದೆ. ಕೋರ್ಟಿಗೆ ಹೋಗಲು ಮೂರು ವರ್ಷ ಕಾಲಾವಕಾಶವಿದ್ದರೂ ಅದನ್ನು ನೆಚ್ಚಿ ಕೂರಬೇಡಿ. ಸೌಲಭ್ಯ ಬಾಕಿಯಾದ ದಿನದಿಂದ 12 ತಿಂಗಳೊಳಗೆ ಬ್ರಾಂಚಿನಲ್ಲಿ ಕ್ಲೇಮ್ ಹಾಕಿರಬೇಕು ಎಂಬ ಷರತ್ತು ಅದರ ಹಿಂದಿದೆ. ವಕೀಲರೇ ಆಗಬೇಕೆಂದಿಲ್ಲ, ಲಿಖಿತ ಅಧಿಕಾರ ಕೊಟ್ಟರೆ ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಯೂ ವಾದ ಮಾಡಬಹುದು. ವಕೀಲರು ಬೇಕು, ಫೀಸಿಗೆ ಹಣವಿಲ್ಲ ಎಂದಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಕೈಗಾರಿಕಾ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿರುವುದರಿಂದ ಹಳೆಯ ಕಾಯ್ದೆ ಹೋಯಿತಲ್ಲ ಎಂದು ಯಾರಾದರೂ ಹೇಳಬಹುದು. ನಿಮ್ಮ ಮನೆಯ ಎರಡೂ ಅಪಘಾತಗಳು ಅದಕ್ಕಿಂತ ಮುಂಚೆ ಆದವು. ಅರ್ಜಿಗಳಲ್ಲಿ ಅಪಘಾತದ ದಿನವನ್ನು ಎದ್ದು ಕಾಣುವಂತೆ ಬರೆದು, ಹಳೆಯ ಕಾಯ್ದೆಯ ಕಲಮುಗಳನ್ನೇ ಹೆಸರಿಸಿ.

ಇನ್ನು ನಿಮ್ಮ ಮೈದುನನ ವಿಷಯ. ಇಎಸ್‌ಐ ಇಲ್ಲದವರಿಗೆ ಇರುವುದು ನೌಕರರ ಪರಿಹಾರ ಕಾಯ್ದೆ, 1923. ಅಲ್ಲಿ ಹಣ ಕೊಡಬೇಕಾದವರು ಮಾಲೀಕರೇ. ಕೆಲಸ ಮಾಡಲಾಗದ ಅವಧಿಯಲ್ಲಿ ಪ್ರತಿ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಕಾಲು ಭಾಗ ಕೊಡಬೇಕು, ಹೆಚ್ಚೆಂದರೆ ಐದು ವರ್ಷದವರೆಗೆ. ಈ ಲೆಕ್ಕಕ್ಕೆ ತಿಂಗಳ ಸಂಬಳದ ಮಿತಿ 15,000. ಹಾಗಾಗಿ ಸಂಬಳ ಅದಕ್ಕಿಂತ ಜಾಸ್ತಿ ಇದ್ದರೂ ಹದಿನೈದು ದಿನಕ್ಕೆ 3,750 ಮೀರುವುದಿಲ್ಲ. ಆಸ್ಪತ್ರೆ ಖರ್ಚು ಬೇರೆ, ಅದನ್ನೂ ಮಾಲೀಕರೇ ತುಂಬಿಕೊಡಬೇಕು.

‘ಸಾಕು, ಈಗ ಕೆಲಸಕ್ಕೆ ಬಾ’ ಎಂದು ಮಾಲೀಕರು ತಾವೇ ತೀರ್ಮಾನಿಸುವ ಹಾಗಿಲ್ಲ. ಪರಿಸ್ಥಿತಿ ಬದಲಾಗಿದೆ ಎನ್ನುವವರು ವೈದ್ಯರ ಪ್ರಮಾಣಪತ್ರ ಇಟ್ಟು ಆರನೇ ಕಲಮಿನಡಿ, ಈ ಕಾಯ್ದೆಯ ತಕರಾರುಗಳನ್ನು ತೀರ್ಮಾನಿಸುವ ಆಯುಕ್ತರ ಮುಂದೆ ಅರ್ಜಿ ಹಾಕಬೇಕು. ಕಾಲಿನಲ್ಲಿ ಇನ್ನೂ ರಾಡ್ ಇರುವವನನ್ನು ಮಾಲೀಕರ ಬಾಯಿಮಾತು ಫಿಟ್ ಮಾಡಲಾರದು. ಆದರೆ ಮಾಲೀಕರು ತಮ್ಮ ಖರ್ಚಿನಲ್ಲಿ ಡಾಕ್ಟರ ಹತ್ತಿರ ಪರೀಕ್ಷೆಗೆ ಕರೆದರೆ ಮೈದುನ ಹೋಗಲೇಬೇಕು. ನಿರಾಕರಿಸಿದರೆ ಅಷ್ಟು ದಿನ ಹಕ್ಕು ಅಮಾನತಿನಲ್ಲಿರುತ್ತದೆ. ಎರಡು ತಿಂಗಳು ಕೊಟ್ಟ ಹಣ ನಗದೋ ಫೋನ್‌ಪೇಯೋ ನೋಡಿ. ಫೋನ್‌ಪೇ ಆಗಿದ್ದರೆ ಆ ದಾಖಲೆಯೇ ಅವನು ಅಲ್ಲಿ ಕೆಲಸಕ್ಕಿದ್ದ ಎಂಬುದಕ್ಕೆ ಸಾಕ್ಷಿ. ಮೇಸ್ತ್ರಿಯ ಮೂಲಕ ಕೆಲಸಕ್ಕೆ ಸೇರಿದ್ದರೂ ಚಿಂತೆಯಿಲ್ಲ, 12ನೇ ಕಲಮಿನಂತೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕರನ್ನೇ ಕೇಳಬಹುದು.

ಕರ್ನಾಟಕದಲ್ಲಿ ಆಯುಕ್ತರೆಂದರೆ ಹಿರಿಯ ಸಿವಿಲ್ ನ್ಯಾಯಾಧೀಶರು. ಬಾಕಿ ಹಣಕ್ಕೆ ನೂರಕ್ಕೆ 12 ಬಡ್ಡಿ ಕೇಳಿ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ನೂರಕ್ಕೆ 50ರವರೆಗೆ ದಂಡವನ್ನೂ ಹಾಕಬಹುದು, ಅದನ್ನೂ ಅರ್ಜಿಯಲ್ಲಿ ಸೇರಿಸಿ. ಕಾಲು ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದರೆ ಶಾಶ್ವತ ನಷ್ಟದ ಇಡಿಗಂಟನ್ನೂ ಅದೇ ಅರ್ಜಿಯಲ್ಲಿ ಕೇಳಬೇಕು. ಇಲ್ಲಿನ ಗಡುವು ಎರಡು ವರ್ಷ, ಅವನಿಗೆ ಪೆಟ್ಟಾದದ್ದು 2025ರ ಏಪ್ರಿಲ್ ಆದ್ದರಿಂದ 2027ರ ಏಪ್ರಿಲ್‌ಗೆ ಮುಂಚೆ ಅರ್ಜಿ ಒಳಗೆ ಹೋಗಿರಬೇಕು. ಎಕ್ಸ್‌ರೇ ಮತ್ತು ಡಿಸ್ಚಾರ್ಜ್ ಕಾಗದ ಈಗ ಯಾರ ಹತ್ತಿರ ಇವೆ ಎಂದು ಇವತ್ತೇ ವಿಚಾರಿಸಿ. ಮಾಲೀಕರ ಹತ್ತಿರ ಇದ್ದರೆ ಆಸ್ಪತ್ರೆಯಿಂದಲೇ ಇನ್ನೊಂದು ಪ್ರತಿ ತೆಗೆಸಿಕೊಳ್ಳಿ.